ಮೈಗಳ್ಳಿಯ ಮದ್ದು

ಚೈತ್ರದ ಬಿಸಿಲಿನಲ್ಲಿ ನನಗೆ ಚಳಿಯಾಯಿತು.

ಅರಕಲಗೂಡಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಹಪ್ಪಳ ಒಣಗಲು ಹಾಕಿ ಕಾಗೆ ಕಾಯುತ್ತಿದ್ದೆ. ಕಲ್ಲುಚಪ್ಪಡಿಯ ಮೇಲೆ ಬರಿಗಾಲು ಇಡಲಾಗದಂಥ ಬಿಸಿಲು. ನಾನು ಕಂಬಳಿ ಹೊದ್ದು ಕೂತಿದ್ದೆ. ಮಗಳು ಗಂಗೆ ಹುಟ್ಟಿ ವರ್ಷ ತುಂಬುತ್ತಾ ಬಂದಿತ್ತು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕ ನೆನಪು ನನಗಿಲ್ಲ.

ಕಾಯಿಲೆ ಎಂದರೆ ಜ್ವರ ಬರಬೇಕು, ಕೆಮ್ಮು ಬರಬೇಕು, ನರಳಬೇಕು. ನನಗೆ ಅದೊಂದೂ ಇರಲಿಲ್ಲ. ಇಲ್ಲಿ ನೋಯುತ್ತದೆ ಎಂದು ಬೆರಳಿಟ್ಟು ತೋರಿಸಲು ಒಂದು ಜಾಗವಿರಲಿಲ್ಲ. ಮೈ ಭಾರವಾಯಿತು, ಅಷ್ಟೆ. ಕೂತರೆ ಏಳಲು ಮನಸ್ಸಿಲ್ಲ. ಎದ್ದರೆ ಯಾಕೆ ಎದ್ದೆ ಎಂಬುದು ಮರೆತುಹೋಗುತ್ತಿತ್ತು. ಮುಖ ಊದಿತು. ಚರ್ಮ ಒರಟಾಗಿ ಬೂದಿ ಬಳಿದಂತಾಯಿತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಹುಬ್ಬಿನ ತುದಿಗಳೂ ಉದುರಿದವು. ನಾಲಿಗೆ ದಪ್ಪವಾಗಿ, ದನಿ ಗೊಗ್ಗರಾಗಿ, ಗಂಡಸಿನ ದನಿಯ ಹಾಗೆ ಕೇಳಿಸತೊಡಗಿತು. ಯಾರಾದರೂ ಏನಾದರೂ ಕೇಳಿದರೆ ಉತ್ತರ ನನಗೆ ಗೊತ್ತಿರುತ್ತಿತ್ತು. ಅದು ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು.

ಅತ್ತೆ ಅದಕ್ಕೆ ಒಂದು ಹೆಸರು ಇಟ್ಟರು. ಮೈಗಳ್ಳಿ.

ನಮ್ಮ ಯಜಮಾನರದು ಪೇಟೆಯಲ್ಲಿ ಜವಳಿ ಅಂಗಡಿ. ಮನೆ ದೊಡ್ಡದು, ಬಂದು ಹೋಗುವವರು ಬಹಳ. ಅಂಥ ಮನೆಯ ಸೊಸೆ ಒರಳಿಗೆ ಒರಗಿ ನಿದ್ದೆ ಹೋದರೆ ಮಾತು ಬೀದಿಗೆ ಬಾರದೆ ಇರುತ್ತದೆಯೇ? ಬಂತು. ಊರ ಪಂಡಿತರು ನಾಡಿ ಹಿಡಿದು, ಬಾಣಂತಿತನದಲ್ಲಿ ತಣ್ಣೀರು ಮುಟ್ಟಿದ್ದರಿಂದ ವಾಯು ಮೈಗೇರಿದೆ ಎಂದರು. ಕಷಾಯ ಕೊಟ್ಟರು. ತುಪ್ಪ ಬಿಡಿಸಿದರು, ಕಾಳು ಬಿಡಿಸಿದರು. ನಾನು ಕಡಿಮೆ ಉಂಡಷ್ಟೂ ದಪ್ಪವಾದೆ. ಕದ್ದು ತಿನ್ನುತ್ತೇನೆಂದು ಅತ್ತೆ ಅಡುಗೆಮನೆಗೆ ಬೀಗ ಹಾಕಿದರು.

ಆಮೇಲೆ ಹೊಳೆನರಸೀಪುರದ ಡಾಕ್ಟರು. ಹೆಸರು ಬರೆಯುವುದಿಲ್ಲ. ಕೋಟು, ಕೈಗಡಿಯಾರ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು, ಎಲ್ಲವೂ ಇದ್ದವು. ನನ್ನನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ, ಮೇಜಿನ ಆಚೆಯಿಂದ ನೋಡಿದರು. ಮುಖ ಯಾವಾಗಿನಿಂದ ಊದಿದೆ ಎಂದು ಕೇಳಿದ್ದು ಯಜಮಾನರನ್ನು. ನಾನು ಹೇಳಲು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಯಜಮಾನರು ಹೇಳಿ ಮುಗಿಸಿದ್ದರು. ನನ್ನ ಕೈ ಮುಟ್ಟಲಿಲ್ಲ, ಕಾಲು ಒತ್ತಿ ನೋಡಲಿಲ್ಲ. ಪರಸ್ತ್ರೀಯ ಮೈ ಮುಟ್ಟದ ಸಂಭಾವಿತರೆಂದು ಯಜಮಾನರು ಗಾಡಿಯಲ್ಲಿ ಬರುವಾಗ ಹೊಗಳಿದರು.

ಕಿಡ್ನಿ ಕೆಟ್ಟಿದೆ ಎಂದು ತೀರ್ಪಾಯಿತು. ಉಪ್ಪು ನಿಲ್ಲಿಸಿದರು. ಹಾಲು, ಸಪ್ಪೆ ಗಂಜಿ, ಒಂದು ಕೆಂಪು ಟಾನಿಕ್. ವರ್ಷಗಟ್ಟಲೆ. ಉಪ್ಪಿಲ್ಲದ ಅನ್ನ ಉಂಡವರಿಗೆ ಗೊತ್ತು, ಅದು ಊಟವಲ್ಲ, ಶಿಕ್ಷೆ. ನಾನು ಕಣ್ಣೀರು ಒರೆಸಿಕೊಂಡ ಬೆರಳನ್ನು ನೆಕ್ಕಿದ್ದೇನೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ಗುಣವಾಗದಿದ್ದಾಗ ಅದೇ ಡಾಕ್ಟರು ಕಾಯಿಲೆಯನ್ನೇ ಬದಲಾಯಿಸಿದರು. ಈಗ ಅದು ಹಿಸ್ಟೀರಿಯಾ. ಹೆಂಗಸರಿಗೆ ಬರುವಂಥದು, ಮನಸ್ಸಿನದು, ಕೆಲಸಕ್ಕೆ ಹಚ್ಚಿದರೆ ಹೋಗುತ್ತದೆ ಎಂದು ಹೇಳಿ ಕಳಿಸಿದರು.

ಕೆಲಸಕ್ಕೆ ಹಚ್ಚಿದರು.

ಬಾವಿಯಿಂದ ನೀರು ಸೇದುವುದು, ರಾಗಿ ಬೀಸುವುದು. ಕೊಡ ಅರ್ಧಕ್ಕೆ ಬಂದಾಗ ಕೈ ಸೋತು ಹಗ್ಗ ಜಾರಿ ಅಂಗೈ ಸುಲಿಯುತ್ತಿತ್ತು. ಅದೂ ನಾಟಕವೆಂದರು. ಗಂಗೆ ನನ್ನ ಹತ್ತಿರ ಬರುವುದು ಕಡಿಮೆಯಾಯಿತು. ಅವಳು ಓಡಿ ಬಂದು ಸೆರಗು ಹಿಡಿದರೆ ನಾನು ತಿರುಗಿ ನೋಡುವಷ್ಟರಲ್ಲಿ ತಡವಾಗಿರುತ್ತಿತ್ತು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿ? ಅವಳು ಅಜ್ಜಿಯ ಸೆರಗಿಗೆ ಹೋದಳು.

ಡಾಕ್ಟರ ಮಾತೂ ಸುಳ್ಳಾದ ಮೇಲೆ ಉಳಿದದ್ದು ಗಾಳಿ. ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಗಾಳಿ ಬಿಡಿಸುವವನೊಬ್ಬನಿದ್ದ. ನನ್ನನ್ನು ಗಾಡಿಯಲ್ಲಿ ಅಲ್ಲಿಗೆ ಒಯ್ದರು. ಅವನು ನನ್ನ ಗೊಗ್ಗರು ದನಿ ಕೇಳಿ, ಒಳಗೆ ಮಾತಾಡುತ್ತಿರುವುದು ಗಂಡಸು ಎಂದ. ಎಡತೋಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿದ. ಹಿಡಿದುಕೊಂಡಿದ್ದವರು ಅತ್ತೆ ಮತ್ತು ನನ್ನ ಗಂಡ. ನಾನು ಕೂಗಿದೆ. ಆ ಕೂಗು ಕೂಡ ನಿಧಾನವಾಗಿಯೇ ಬಂತು. ಆ ಗಾಯ ಮಾಯಲು ಮಳೆಗಾಲ ಕಳೆಯಬೇಕಾಯಿತು.

ಗಾಯ ಮಾಯುವ ಮೊದಲೇ ಯಜಮಾನರು ಇನ್ನೊಂದು ಮದುವೆಯಾದರು.

ಸುದ್ದಿ ತಿಳಿದು ನನ್ನ ಅಣ್ಣ ಬಂದ. ಚನ್ನರಾಯಪಟ್ಟಣದಲ್ಲಿ ಅವನದು ಕೊಬ್ಬರಿ ವ್ಯಾಪಾರ. ತಂದೆತಾಯಿ ಇಲ್ಲದ ನನಗೆ ತವರು ಎಂದರೆ ಅಣ್ಣ, ಅತ್ತಿಗೆ. ಎರಡು ವರ್ಷದಿಂದ ಅವನು ನನ್ನನ್ನು ನೋಡಿರಲಿಲ್ಲ. ನಡುಮನೆಯಲ್ಲಿ ಕೂತಿದ್ದ ನನ್ನನ್ನು ದಾಟಿಕೊಂಡು ಹೋಗಿ, ಒಳಗಿದ್ದ ಅತ್ತೆಯನ್ನು ನೀಲಮ್ಮ ಎಲ್ಲಿ ಎಂದು ಕೇಳಿದ. ಅವರು ಕೈ ತೋರಿಸಿದರು. ಅಣ್ಣ ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಗಾಡಿ ಕಟ್ಟಿಸಿದ. ಗಂಗೆಯನ್ನು ಕೊಡುವುದಿಲ್ಲ ಎಂದರು ಅತ್ತೆ. ಅಂದು ಜಗಳವಾಡುವ ಶಕ್ತಿ ನನಗಿರಲಿಲ್ಲ. ಗಾಡಿ ಹೊರಟಾಗ ಮಗು ಜಗಲಿಯಲ್ಲಿ ಆಡುತ್ತಿತ್ತು. ಕರೆದೆ. ದನಿ ಅಲ್ಲಿಗೆ ಮುಟ್ಟಲಿಲ್ಲ.

ಅಣ್ಣನ ಮನೆಯಲ್ಲಿ ಬೈಗುಳವಿರಲಿಲ್ಲ, ಉಪ್ಪಿತ್ತು. ಆದರೂ ನಾನು ಮುಳುಗುತ್ತಲೇ ಹೋದೆ. ಊಟದ ನಡುವೆ ತುತ್ತು ಕೈಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆ. ಒಂದು ದಿನ ಅತ್ತಿಗೆ ಎಬ್ಬಿಸಿದರೂ ಏಳಲಿಲ್ಲವಂತೆ. ಮೈ ತಣ್ಣಗಿತ್ತಂತೆ. ಅವರು ಅಳುತ್ತಾ ಅಂಗಡಿಗೆ ಹೇಳಿಕಳಿಸಿದರು. ಎಚ್ಚರವಾದಾಗ ಮನೆ ಮುಂದೆ ಬಾಡಿಗೆ ಕಾರು ನಿಂತಿತ್ತು. ಹಾಸನದ ಹೆಂಗಸರ ಆಸ್ಪತ್ರೆಗೆ ಹೊರಟೆವು.

ಅಲ್ಲಿನ ಲೇಡಿ ಡಾಕ್ಟರು ಮಂಗಳೂರು ಕಡೆಯವರು. ಮಾತು ಪುಸ್ತಕದಂತೆ. ಬಹಳ ಮುಂಗೋಪಿ ಎಂದು ಔಟ್‌ಪೇಷೆಂಟ್ ಸಾಲಿನಲ್ಲಿ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಹೆಸರೇನೆಂದು ಕೇಳಿದರು. ರೂಢಿಯಂತೆ ಅಣ್ಣ ಉತ್ತರ ಹೇಳಹೊರಟ. ಅವರು ಕೈ ಅಡ್ಡ ಮಾಡಿದರು.

"ಕಾಯಿಲೆ ನಿಮಗಲ್ಲವಲ್ಲ. ಅವರೇ ಹೇಳಲಿ. ನಾನು ಕಾಯುತ್ತೇನೆ."

ಕಾದರು. ಹೊರಗೆ ಅಷ್ಟು ಜನ ಕೂತಿದ್ದರೂ ಕಾದರು. ನನ್ನ ಹೆಸರು, ನನ್ನ ಊರು, ಮಗು ಹುಟ್ಟಿದ ಮೇಲೆ ಆದದ್ದು, ಎಲ್ಲವನ್ನೂ ಆ ಗೊಗ್ಗರು ದನಿಯಲ್ಲಿ ತಡವರಿಸುತ್ತಾ ಹೇಳಿದೆ. ಅವರ ಮುಖ ನಾನು ಹೇಳುತ್ತಿದ್ದಂತೆಯೇ ಬದಲಾಯಿತು. ಎದ್ದು ಬಂದು ಹುಬ್ಬು ಸವರಿ ನೋಡಿದರು. ಕಾಲಿನ ಊತವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು. ಗುಳಿ ಬೀಳಲಿಲ್ಲ. ಕಿಡ್ನಿಯ ಊತವಾಗಿದ್ದರೆ ಗುಳಿ ಬಿದ್ದು ನಿಲ್ಲುತ್ತದೆ ಎಂದರು. ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಒದೆದು, ಸೋತ ಎತ್ತು ಮಲಗುವ ಹಾಗೆ ಮೆಲ್ಲಗೆ ಇಳಿಯಿತು. ಟೆಂಪರೇಚರ್ ನೋಡಿದ ನರ್ಸು ಗಾಜಿನ ಕಡ್ಡಿ ಕೆಟ್ಟಿದೆಯೆಂದು ಇನ್ನೊಂದನ್ನು ತಂದಳು. ಅದೂ ಅಷ್ಟೇ ಕಡಿಮೆ ತೋರಿಸಿತು.

ತೋಳಿನ ಬರೆ ಕಂಡು ಇದೇನೆಂದು ಕೇಳಿದರು. ಹೇಳಿದೆ. ಅವರು ಇಂಗ್ಲಿಷಿನಲ್ಲಿ ಏನೋ ಅಂದರು. ಬೈಗುಳವೇ ಇರಬೇಕು. ಯಾರೋ ನನ್ನ ಪರವಾಗಿ ಬೈದದ್ದು ಅದೇ ಮೊದಲು.

ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಒಂದು ಗ್ಲಾಂಡ್ ಇದೆಯಂತೆ. ಮೈಯ ಒಲೆಗೆ ಅದೇ ಬೆಂಕಿ. ಬಾಣಂತಿತನದ ನಂತರ ನನ್ನದು ಆರಿಹೋಗಿತ್ತು. ಕಾಯಿಲೆಗೆ ಮಿಕ್ಸಿಡೀಮಾ ಎಂಬ ಹೆಸರು ಇತ್ತು. ಅದಕ್ಕೆ ಮದ್ದೂ ಇತ್ತು. ನಾನು ಹುಟ್ಟುವ ಮೊದಲಿನಿಂದಲೂ ಇತ್ತು.

ಈ ಮಾತು ಕೇಳಿ ಅಣ್ಣ ಕೈಮುಗಿದ. ನಾನು ಮುಗಿಯಲಿಲ್ಲ. ನಾನು ಹುಟ್ಟುವ ಮೊದಲೇ ಇದ್ದ ಮದ್ದು ಹಾಸನಕ್ಕೂ ಹೊಳೆನರಸೀಪುರಕ್ಕೂ ನಡುವೆ ಎಲ್ಲಿ ಕಳೆದುಹೋಗಿತ್ತು ಎಂದು ಯೋಚಿಸುತ್ತಿದ್ದೆ.

ಡಾಕ್ಟರು ಸೀಸೆಯೊಂದನ್ನು ಮೇಜಿನ ಮೇಲಿಟ್ಟರು. ಕೊಡಲಿಲ್ಲ. ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ನೋಡಿದರು.

"ನೀವು ಲಿಂಗವಂತರು. ಈ ಮಾತ್ರೆ ಕುರಿಯ ಕುತ್ತಿಗೆಯ ಗ್ಲಾಂಡನ್ನು ಒಣಗಿಸಿ ಮಾಡಿದ್ದು. ಹೇಳದೆ ಕೊಡಬಹುದಿತ್ತು. ನಿಮಗೆ ಈಗಾಗಲೇ ಸಾಕಷ್ಟು ಜನ ಹೇಳದೆ ಕೇಳದೆ ಮಾಡಿದ್ದಾರೆ."

ಬೇರೆ ಮದ್ದು ಇಲ್ಲವೇ ಎಂದು ಅಣ್ಣ ಕೇಳಿದ. ಇಲ್ಲ. ಎಷ್ಟು ದಿನ ತಿನ್ನಬೇಕು? ಬದುಕಿರುವಷ್ಟು ದಿನ.

ಅಣ್ಣ ಎದ್ದು ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿದ್ದ. ಆಸ್ಪತ್ರೆಯ ಕಾಂಪೌಂಡಿನಲ್ಲಿ ಅತ್ತ ಇತ್ತ ನಡೆದ, ಟವೆಲಿನಿಂದ ಮುಖ ಒರೆಸಿಕೊಂಡ. ಒಳಗೆ ಬಂದು ನನ್ನ ಮುಖ ನೋಡದೆ ಹೇಳಿದ.

"ನಿನ್ನಿಷ್ಟ ಕಣವ್ವ ನೀಲಿ. ನಾನೇನೂ ಕೇಳುಸ್ಕಂಡಿಲ್ಲ."

ಆ ದಿನ ವಾರ್ಡಿನ ಮಂಚದ ಮೇಲೆ ಕೂತು ಯೋಚಿಸಿದೆ. ಯೋಚನೆ ಮೆಲ್ಲಗೆ ಬರುತ್ತಿತ್ತು, ಆದರೆ ಬರುತ್ತಿತ್ತು. ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡವಳು ನಾನು. ಮಾಂಸ ಬೇಯುವ ಬೀದಿಯಲ್ಲಿ ಮೂಗು ಮುಚ್ಚಿ ನಡೆದವಳು. ಅದೇ ಹೊತ್ತಿಗೆ, ಬರೆ ಹಾಕುವಾಗ ನನ್ನ ತೋಳು ಹಿಡಿದುಕೊಂಡವರ ಕೊರಳಲ್ಲೂ ಲಿಂಗವಿತ್ತು ಎಂಬುದು ನೆನಪಾಯಿತು. ಜೀವಂತ ಹೆಂಗಸಿನ ಮಾಂಸ ಸುಟ್ಟ ವಾಸನೆಗೆ ಅವರ ಭಕ್ತಿ ಕೆಡಲಿಲ್ಲ. ಶಿವನ ಹೆಸರು ಹೇಳಿ ಮಾತ್ರೆ ನುಂಗಿದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಾನು ಸಿಟ್ಟಿನಿಂದ ನುಂಗಿದೆ.

ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಮೂತ್ರ ಕಟ್ಟೆಯೊಡೆದಂತೆ ಹೋಗತೊಡಗಿತು. ಊತ ಇಳಿಯಿತು. ಬಳೆಗಳು ಮೊಣಕೈವರೆಗೂ ಜಾರಿದವು. ಎದೆ ಹೊಡೆದುಕೊಂಡು ಮಲಗಲಾಗದೆ ಡೋಸ್ ಕಡಿಮೆ ಮಾಡಿದರು. ಅಂಗಾಲಿನ ಚರ್ಮ ಪೊರೆಯ ಹಾಗೆ ಕಳಚಿ ಬಂತು. ಒಂದು ಮಧ್ಯಾಹ್ನ ಕುತ್ತಿಗೆಯ ಮೇಲೆ ಏನೋ ಹರಿದಂತಾಗಿ ಹುಳವೆಂದು ತಟ್ಟಿದೆ.

ಬೆವರು.

ಆರು ಬೇಸಿಗೆಗಳಲ್ಲಿ ನನಗೆ ಬೆವರು ಬಂದಿರಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಎಲ್ಲ ನರ್ಸುಗಳಿಗೂ ತೋರಿಸಿದೆ. ಲೇಡಿ ಡಾಕ್ಟರು ಮಾತ್ರ, ಸಂತೋಷ, ಆದರೆ ಒಂದು ದಿನವೂ ಮಾತ್ರೆ ತಪ್ಪಕೂಡದು ಎಂದು ಗದರಿ ಮುಂದೆ ಹೋದರು. ದನಿ ಕೊನೆಗೆ ಬಂತು. ಪಕ್ಕದ ಮಂಚದವಳನ್ನು ನೀರು ಕೇಳಿದೆ. ಯಾರು ಕೇಳಿದ್ದು ಎಂದು ನಾನೇ ತಿರುಗಿ ನೋಡಿದೆ.

ಮೈ ಚುರುಕಾದ ಮೇಲೆ ನೆನಪೂ ಚುರುಕಾಯಿತು. ಮಂಜಿನಲ್ಲಿ ಸಹಿಸಿದ್ದೆಲ್ಲ ಈಗ ಹಗಲಿನಲ್ಲಿ ಕಂಡಿತು. ಗುಣವಾದ ಸಂತೋಷ ಎನ್ನುತ್ತಾರೆ. ನನಗೆ ಮೊದಲು ಬಂದದ್ದು ಸಂತೋಷವಲ್ಲ. ಚನ್ನರಾಯಪಟ್ಟಣಕ್ಕೆ ಬಂದ ಮೇಲೆ ನೋಡಲು ಬಂದ ನೆಂಟರು, ಎಲ್ಲಾ ಕರ್ಮ, ಹಳೆಯದನ್ನು ಮರೆತುಬಿಡು ಎಂದರು. ಮರೆವು ನನ್ನ ಕಾಯಿಲೆಯ ಲಕ್ಷಣವಾಗಿತ್ತು. ಅದನ್ನೂ ಆ ಮಾತ್ರೆ ವಾಸಿ ಮಾಡಿದೆ.

ಸುದ್ದಿ ಅರಕಲಗೂಡು ಮುಟ್ಟಿ ಯಜಮಾನರು ಬಂದರು. ಒಂದು ಸೀರೆ, ಒಂದು ಗೊನೆ ಬಾಳೆಹಣ್ಣು. ಜಗಲಿಯಲ್ಲಿ ಕೂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮೊದ್ಲಂಗೇ ಆಗ್ಬುಟ್ಟಿದೀಯಲ್ಲ. ನಡಿ, ಓಗೋಣ. ಅವ್ಳು ಬಸುರಿ. ಅವ್ವುಂಗೆ ಕೈಲಾಗಾಕಿಲ್ಲ. ಮನೇಲಿ ಕೆಲ್ಸ ಮಾಡೋರಿಲ್ಲ."

ಅತ್ತಿಗೆ ನೀರು ತಂದಿಟ್ಟರು. ಕುಡಿಯುವ ಮೊದಲೇ ಹೇಳಿಬಿಡೋಣವೆನಿಸಿತು. ನನ್ನ ಮದ್ದು ಕುರಿಯ ಗ್ಲಾಂಡು, ದಿನವೂ ತಿನ್ನುತ್ತೇನೆ, ಸಾಯುವವರೆಗೂ ತಿನ್ನಬೇಕು ಎಂದೆ. ಅವರು ಲೋಟ ಕೆಳಗಿಟ್ಟರು. ಮುಖ ಬಿಳುಪೇರಿತು. ಇನ್ನು ಅದನ್ನು ಬಿಟ್ಟುಬಿಡು, ಮಠದ ಅಯ್ಯನವರನ್ನು ಕೇಳಿ ಪ್ರಾಯಶ್ಚಿತ್ತ ಮಾಡಿಸೋಣ ಎಂದರು.

"ಬಿಟ್ರೆ ಮತ್ತೆ ಮೈಗಳ್ಳಿ ಆಯ್ತೀನಿ. ಆಗ ಯಾವ ತೋಳಿಗೆ ಬರೆ ಆಕುಸ್ತೀರಿ?"

ಅವರು ಸೀರೆಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಗಂಗೆಯನ್ನು ಕಳಿಸಿ ಎಂದೆ. ಮಾಂಸ ತಿನ್ನುವವಳ ಮನೆಗೆ ಮಗು ಬರುವುದಿಲ್ಲ ಎಂದು ಹೇಳಿ ಎದ್ದರು. ಸೀರೆಯನ್ನು ಹಿಂದಕ್ಕೆ ತೆಗೆದುಕೊಂಡು ಹೋದರು. ಬಾಳೆಹಣ್ಣು ಮರೆತರು.

ಅಷ್ಟರಲ್ಲಿ ಸಮುದ್ರದಾಚೆ ನಡೆಯುತ್ತಿದ್ದ ಯುದ್ಧ ಬಲವಾಯಿತು. ಮಾತ್ರೆ ಬರುತ್ತಿದ್ದದ್ದು ಅಲ್ಲಿಂದ, ಹಡಗಿನಲ್ಲಿ. ಒಮ್ಮೆ ಹಾಸನಕ್ಕೆ ಹೋದ ಅಣ್ಣ ಬರಿಗೈಯಲ್ಲಿ ಬಂದ. ಕೆಲವು ವಾರಗಳಲ್ಲಿ ನನ್ನ ಬೆರಳುಗಳು ಮತ್ತೆ ತಣ್ಣಗಾದವು. ಮಾತಿನ ನಡುವೆ ಹೆಸರು ಮರೆಯಿತು. ಸಾವಿಗೆ ಹೆದರಿರಲಿಲ್ಲ ನಾನು. ಆ ಮಂಜಿಗೆ ಹೆದರಿದೆ.

ಮಾತ್ರೆ ಬರುವವರೆಗೆ ಹಳೆಯ ಕಾಲದ ದಾರಿಯೊಂದಿದೆ, ಕುರಿಯ ಗ್ಲಾಂಡನ್ನೇ ತಂದು ಸ್ವಲ್ಪ ಬಿಸಿ ಮಾಡಿ ತಿನ್ನಬೇಕು ಎಂದು ಲೇಡಿ ಡಾಕ್ಟರು ಅಣ್ಣನಿಗೆ ಹೇಳಿ, ಎಷ್ಟು, ಹೇಗೆ ಎಂದು ವಿವರಿಸಿದ್ದರಂತೆ. ಅವನು ಅದನ್ನು ನನಗೆ ಹೇಳಲಾರದೆ ಅತ್ತಿಗೆಗೆ ಹೇಳಿದ. ಅತ್ತಿಗೆ ನನಗೆ ಹೇಳಿದರು. ಹೇಳುವಾಗ ಅವರು ಬಾಯಿಗೆ ಸೆರಗು ಹಿಡಿದಿದ್ದರು. ಆದರೂ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಒಂದು ಹೊಸ ಮಡಕೆ ಇಟ್ಟುಕೊಟ್ಟರು.

ಅಣ್ಣ ಬೆಳಗಾಗುತ್ತಲೇ ಊರಾಚೆಯ ಕಸಾಯಿಯವರ ಹತ್ತಿರ ಹೋಗುತ್ತಿದ್ದ. ಮುತ್ತುಗದೆಲೆಯ ಪೊಟ್ಟಣವನ್ನು ಕೊಟ್ಟಿಗೆಯ ಗೋಡೆಯ ಮೇಲಿಟ್ಟು, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ. ಮೊದಲ ದಿನ ನಾನು ತಿಂದದ್ದೆಲ್ಲ ಕಾರಿಕೊಂಡೆ. ಎರಡನೆಯ ದಿನ ಬೆಲ್ಲ ಕಚ್ಚಿಕೊಂಡು ನುಂಗಿದೆ. ಆಮೇಲೆ ಅಭ್ಯಾಸವಾಯಿತು ಎಂದು ಹೇಳಲಾರೆ. ನುಂಗಿದೆ, ಅಷ್ಟೆ.

ಗುಟ್ಟು ಉಳಿಯಲಿಲ್ಲ. ಹಿರೀಸಾವೆಯಲ್ಲಿ ನೆಂಟರ ಮದುವೆಗೆ ಹೋದ ಅಣ್ಣನನ್ನು ಪಂಕ್ತಿಯಿಂದ ಎಬ್ಬಿಸಿ ಬೇರೆ ಕೂರಿಸಿದರು. ಅವನು ಉಣ್ಣದೆ ಬಂದು, ರೊಟ್ಟಿ ಇದ್ದರೆ ಹಾಕು ಎಂದು ಅತ್ತಿಗೆಯನ್ನು ಕೇಳಿದ. ಏನಾಯಿತೆಂದು ಅವನ ಜೊತೆ ಹೋಗಿದ್ದವರಿಂದ ನನಗೆ ತಿಳಿಯಿತು. ಹಾಗೆ ಎಬ್ಬಿಸಿದವರ ಹೆಸರುಗಳು ನನಗೆ ಗೊತ್ತಿವೆ. ಅವರ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ.

ಕೆಲವು ತಿಂಗಳಾದ ಮೇಲೆ ಬೆಂಗಳೂರಿನಿಂದ ಸೀಸೆಗಳು ಬಂದವು. ಕೊಟ್ಟಿಗೆಯ ಒಲೆ ಕೆಡವಿದೆವು.

ಅರಕಲಗೂಡಿನಲ್ಲಿ ಗಂಡುಮಗು ಹುಟ್ಟಿತು. ಅದಾದ ಮೇಲೆ ಗಂಗೆಯನ್ನು ಕರೆದುಕೊಂಡು ಹೋಗಬಹುದೆಂದು ಅತ್ತೆ ಹೇಳಿಕಳಿಸಿದರು. ತಾಯಿಯ ಕರುಳಿಗೆ ಮರುಗಿ ಅಲ್ಲ, ತಿನ್ನುವ ಬಾಯಿ ಒಂದು ಕಡಿಮೆಯಾಗಲೆಂದು. ಯಾವ ಕಾರಣಕ್ಕಾದರೂ ಆಗಲಿ ಎಂದು ಅಣ್ಣ ಹೋಗಿ ಕರೆತಂದ.

ಅವಳು ಬಸ್ಸಿನಿಂದ ಇಳಿದಳು. ಉದ್ದವಾಗಿದ್ದಳು. ಬಾ ಗಂಗಿ ಎಂದು ಕೈ ಚಾಚಿದೆ. ಅವಳು ಮಾವನ ಹಿಂದೆ ಸರಿದಳು.

"ಇವ್ರು ನಮ್ಮವ್ವ ಅಲ್ಲ. ನಮ್ಮವ್ವ ದಪ್ಪ. ಮಾತಾಡುದ್ರೆ ಗೊರಗೊರ ಅಂತದೆ."

ಅವಳು ಕಂಡಿದ್ದ ತಾಯಿ ಆ ಕಾಯಿಲೆಯೊಂದೇ. ನಾನು ಇಲ್ಲದಿದ್ದಾಗ ಅವಳು ನೆನೆಯುತ್ತಿದ್ದದ್ದು ಆ ಊದಿದ ಮುಖದವಳನ್ನು.

ಮನೆಯಲ್ಲಿ ಗಂಗೆ ಅತ್ತಿಗೆಯ ಪಕ್ಕದಲ್ಲಿ ಮಲಗಿದಳು, ಅತ್ತಿಗೆ ಬಡಿಸಿದರೆ ಉಂಡಳು. ನಾನು ಬಡಿಸಿದರೆ ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಕಾರಣ ನಾನು ಕೇಳಲಿಲ್ಲ. ಅಜ್ಜಿ ಏನು ಹೇಳಿ ಕಳಿಸಿರಬಹುದೆಂದು ಊಹಿಸಬಲ್ಲೆ. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಅವಳು ಬಂದು ಎದುರು ನಿಂತಳು.

"ನೀನು ಕುರಿ ತಿಂತೀಯಂತೆ. ಅದೇನಾ?"

ಬೇರೆ ಏನಾದರೂ ಹೇಳಬಹುದಿತ್ತು. ಸೀಸೆಯಲ್ಲಿರುವುದು ಬಿಳಿಯ ಗುಂಡು ಮಾತ್ರೆ, ಮಗುವಿಗೆ ಏನು ತಿಳಿಯುತ್ತದೆ? ಹೊಳೆನರಸೀಪುರದ ಡಾಕ್ಟರು ನೆನಪಾದರು. ಹೇಳಿಯೇ ಕೊಟ್ಟ ಹಾಸನದ ಡಾಕ್ಟರು ನೆನಪಾದರು.

"ಊಂ, ಅದೇ. ತಿನ್ನದಿದ್ರೆ ಬದುಕಾಕಾಗಾಕಿಲ್ಲ ಕಣವ್ವ. ಮೊದ್ಲಂಗೆ ಆಗಿ ಸತ್ತೋಯ್ತೀನಿ."

ಅವಳು ಸೀಸೆಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಮೂಸಿದಳು. ಹಿಂದಕ್ಕೆ ಕೊಟ್ಟಳು.

"ಅಂಗಾರೆ ತಿನ್ನು."

ಅಷ್ಟು ಹೇಳಿ ಆಡಲು ಹೋದಳು. ಅಂದೂ ಅತ್ತಿಗೆಯ ಕೈಯಿಂದಲೇ ಉಂಡಳು, ಮಾರನೆಯ ದಿನವೂ ಅಷ್ಟೇ. ನಾನು ಒತ್ತಾಯ ಮಾಡಲಿಲ್ಲ. ನನ್ನ ಉತ್ತರಕ್ಕೆ ಒಬ್ಬರು ಕಾದದ್ದರಿಂದ ಬದುಕಿದವಳು ನಾನು.

ಯಾರನ್ನೂ ಕ್ಷಮಿಸಿಲ್ಲ. ಕ್ಷಮಿಸದೆ ಇದ್ದರೂ ಮೈ ಬೆಚ್ಚಗಿದೆ, ಬೆಳಿಗ್ಗೆ ಎದ್ದರೆ ಯಾಕೆ ಎದ್ದೆ ಎಂಬುದು ನೆನಪಿರುತ್ತದೆ. ಹಡಗು ಯಾವತ್ತು ಮತ್ತೆ ನಿಲ್ಲುತ್ತದೋ ತಿಳಿಯದು. ಇರುವ ಸೀಸೆ ಮಳೆಗಾಲದವರೆಗೆ ಆಗುತ್ತದೆ.

ಮೊನ್ನೆ ಅತ್ತಿಗೆ ಊರಲ್ಲಿರಲಿಲ್ಲ. ಮಧ್ಯಾಹ್ನ ಗಂಗೆ ತಟ್ಟೆ ತಂದು ನನ್ನ ಮುಂದೆ ಇಟ್ಟು ಕೂತಳು. ಬಡಿಸಿದೆ.